21 ಇದ್ದದ್ದು 18 ಆದಾಗ ನಿಮಗೆಷ್ಟು ವಯಸ್ಸು? ಮೊದಲ ವೋಟಿನ ಅನುಭವ ಹೇಳಿ

ತುಂಗಾತೀರ

ಬ್ರಿಟನ್‌ನಲ್ಲಿ ವೋಟಿನ ವಯಸ್ಸನ್ನು 16ಕ್ಕೆ ಇಳಿಸುತ್ತೇವೆ ಎಂದು ಅಲ್ಲಿನ ಸರ್ಕಾರ 2025ರ ಜುಲೈನಲ್ಲಿ ಹೇಳಿತು. ಆಗಿನಿಂದ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಆಗಾಗ ಇದೇ ಜಗಳ. "ನಮ್ಮಲ್ಲೂ ಮಾಡಬೇಕು" ಅನ್ನುವವರು ಒಂದು ಕಡೆ. "18ಕ್ಕೆ ಕೊಟ್ಟಿದ್ದನ್ನೇ ನೆಟ್ಟಗೆ ಬಳಸಿಕೊಂಡಿಲ್ಲ, ಇನ್ನು 16 ಬೇರೆ ಕೇಡು" ಅನ್ನುವವರು ಇನ್ನೊಂದು ಕಡೆ.

ನಮ್ಮ ದೇಶದಲ್ಲೂ ಒಮ್ಮೆ, 1989ರಲ್ಲಿ, ವಯಸ್ಸು 21ರಿಂದ 18ಕ್ಕೆ ಇಳಿದಿದೆಯಲ್ಲ. ಪಿಯುಸಿಯಲ್ಲಿ ಅದು ನಮಗೆ ಒಂದು ಅಂಕದ ಪ್ರಶ್ನೆ. ಸಂವಿಧಾನದ 61ನೇ ತಿದ್ದುಪಡಿ ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆವು. ಆದರೆ ಆಗ 18, 19, 20 ಇದ್ದವರು ಈಗ ಐವತ್ತು ದಾಟಿ ನಮ್ಮ ನಡುವೆಯೇ ಇದ್ದಾರೆ ಅಲ್ವಾ? ಇಲ್ಲಿ ಯಾರಾದರೂ ಆ ಬ್ಯಾಚಿನವರಿದ್ದರೆ ಬರೆಯಿರಿ. ಊರಲ್ಲಿ ಏನಂದರು, ಮನೆಯಲ್ಲಿ ಏನಂದರು, ಮತಗಟ್ಟೆಯಲ್ಲಿ ಏನಾಯಿತು? ಈಚೆಗೆ ಮೊದಲ ಸಲ ಹಾಕಿದವರೂ ಹೇಳಿ. ಯಾವ ಪಕ್ಷಕ್ಕೆ ಹಾಕಿದಿರಿ ಅನ್ನುವುದು ಬೇಡ, ಇಲ್ಲದಿದ್ದರೆ ಮಾತು ಅಲ್ಲೇ ಕೆಡುತ್ತದೆ.

ಹಳೇ ಸೈಕಲ್

ಅರಸೀಕೆರೆ ಕಡೆಯವನು, 1968ರಲ್ಲಿ ಹುಟ್ಟಿದವನು. ಎಲ್ಲರೂ 1989 ಅನ್ನುತ್ತಾರೆ. ಕರ್ನಾಟಕದ ಹಳ್ಳಿಯವರಿಗೆ ಇದು ಅದಕ್ಕೂ ಮೊದಲೇ ಬಂದಿತ್ತು ಕಣಪ್ಪ. 1987ರ ಜನವರಿಯಲ್ಲಿ.

ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. 1983ರ ಕಾಯ್ದೆಯ ಪ್ರಕಾರ ಜಿಲ್ಲಾ ಪರಿಷತ್ತಿಗೂ, ಕೆಲವು ಹಳ್ಳಿ ಸೇರಿಸಿ ಮಾಡಿದ ಮಂಡಲ ಪಂಚಾಯಿತಿಗೂ ಮೊದಲ ಚುನಾವಣೆ ನಡೆಯಿತು. ಹೆಂಗಸರಿಗೆ 25% ಸೀಟು ಮೀಸಲು, 18 ತುಂಬಿದವರಿಗೆಲ್ಲ ವೋಟು. ಹೆಂಗಸರ ಮೀಸಲಾತಿಯ ಬಗ್ಗೆ ಜನ ಈಗಲೂ ಮಾತಾಡುತ್ತಾರೆ, ಹುಡುಗರ ವೋಟಿನ ವಿಷಯ ಮರೆತೇಬಿಟ್ಟಿದ್ದಾರೆ.

ಮಂಡಲಕ್ಕೆ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಅಂದರೆ ನಿಂತವನು ಯಾರೋ ದೊಡ್ಡ ಮನುಷ್ಯ ಅಲ್ಲ. ಸಂಜೆ ನಮ್ಮ ಜೊತೆ ವಾಲಿಬಾಲ್ ಆಡುವ ಹುಡುಗನ ಅಣ್ಣ. 400 ಜನರಲ್ಲಿ ಮಕ್ಕಳನ್ನು ತೆಗೆದರೆ ವೋಟು ಎಷ್ಟು ಉಳಿಯುತ್ತದೆ, ಲೆಕ್ಕ ಹಾಕಿ. ನಮ್ಮ ಓಣಿಯ ಹುಡುಗರಷ್ಟೇ ಒಟ್ಟಾದರೂ ಸೀಟು ಆಚೀಚೆ ಆಗುತ್ತಿತ್ತು. ಅದು ನಮಗೆ ಗೊತ್ತಾಗುವ ಮೊದಲೇ ನಿಂತವರಿಗೆ ಗೊತ್ತಾಗಿತ್ತು. ಅದುವರೆಗೆ "ಏಯ್, ಬೀಡಿ ತಗೊಂಬಾ" ಅನ್ನುತ್ತಿದ್ದವರು ಹೋಟೆಲ್ ಬೆಂಚಿನ ಮೇಲೆ ಜಾಗ ಬಿಟ್ಟು ಕೂರಿಸಿದರು.

ನಾವು ಕೇಳಿದ್ದು ಒಂದೇ, ನಮ್ಮ ಕೇರಿಗೆ ಬೋರ್‌ವೆಲ್ ಕೈಪಂಪು. ನಜೀರ್ ಸಾಬರನ್ನು ಜನ ನೀರ್ ಸಾಬ್ ಅನ್ನುತ್ತಿದ್ದ ಕಾಲ ಅದು. ಪಂಪು ಬಂತು. ನಮ್ಮ ವೋಟಿನಿಂದಲೇ ಬಂತು ಅಂತ ಹೇಳಲಾರೆ, ಬಂದಿದ್ದಂತೂ ನಿಜ.

ತಮಾಷೆ ಏನಂದರೆ, ಆಗ ಮಂಡಲಕ್ಕೆ ನಾನು ದೊಡ್ಡವನು, ವಿಧಾನಸಭೆಗೆ ಇನ್ನೂ ಚಿಕ್ಕವನು. ಅದೇ ಮನುಷ್ಯ, ಅದೇ ಬುದ್ಧಿ.

ಲೆಕ್ಕದ ಮೇಷ್ಟ್ರು

ಸೈಕಲ್ ಅವರೇ, ಆ ತಮಾಷೆ ದಿಲ್ಲಿಗೂ ಮುಟ್ಟಿತ್ತು. ತಿದ್ದುಪಡಿ ಮಸೂದೆಯ ಜೊತೆ ಕೊಟ್ಟ ಕಾರಣಗಳಲ್ಲಿ, ಕೆಲವು ರಾಜ್ಯ ಸರ್ಕಾರಗಳು ಸ್ಥಳೀಯ ಸಂಸ್ಥೆಗಳಿಗೆ ಆಗಲೇ 18 ಇಟ್ಟುಕೊಂಡಿವೆ ಎಂಬ ಮಾತೂ ಇದೆ.

ಇನ್ನೊಂದು ಸಂಗತಿ, ನಮ್ಮವರಿಗೇ ಜಾಸ್ತಿ ಗೊತ್ತಿಲ್ಲ. ಆ ಮಸೂದೆಯನ್ನು 1988ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಮಂಡಿಸಿದವರು ನಮ್ಮ ಚಿಕ್ಕೋಡಿಯ ಸಂಸದರಾಗಿದ್ದ ಬಿ. ಶಂಕರಾನಂದ. ಆಗ ಕೇಂದ್ರದಲ್ಲಿ ಜಲಸಂಪನ್ಮೂಲ ಮಂತ್ರಿ. ಡಿಸೆಂಬರ್ 15ಕ್ಕೆ ಲೋಕಸಭೆಯಲ್ಲಿ, 20ಕ್ಕೆ ರಾಜ್ಯಸಭೆಯಲ್ಲಿ ಪಾಸಾಯಿತು. ರಾಜ್ಯಗಳ ಒಪ್ಪಿಗೆಯೂ ಬೇಕಿತ್ತು. ಅದೆಲ್ಲ ಮುಗಿದು ರಾಷ್ಟ್ರಪತಿ ಅಂಕಿತ ಬಿದ್ದದ್ದು 1989ರ ಮಾರ್ಚ್ 28ಕ್ಕೆ. ಮಂಡಿಸುವಾಗ ಅದು 62ನೇ ತಿದ್ದುಪಡಿ ಮಸೂದೆ, ಕಾಯ್ದೆ ಆದಾಗ 61. ತುಂಗಾತೀರ, ಪರೀಕ್ಷೆಯಲ್ಲಿ 61 ಅಂತಲೇ ಬರೆಯಿರಿ, ಜಾಣತನ ಬೇಡ.

ಆ ನವೆಂಬರ್‌ನಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಪ್ರೈಮರಿ ಮೇಷ್ಟ್ರು. ಚುನಾವಣಾ ಡ್ಯೂಟಿ ಹಾಕಿದರು. ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ, ಅಂದರೆ ಒಬ್ಬೊಬ್ಬರಿಗೆ ಎರಡೆರಡು ಮತಪತ್ರ. ಯಂತ್ರ ಎಲ್ಲಿ ಬಂತು ಆಗ? ರಬ್ಬರ್ ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಬೇಕು. ಹೊಸ ಹುಡುಗರು ಮುದ್ರೆಯನ್ನು ಗಟ್ಟಿಯಾಗಿ ಒತ್ತಿ ತಕ್ಷಣ ಮಡಚಿಬಿಡುತ್ತಿದ್ದರು. ಶಾಯಿ ಇನ್ನೊಂದು ಚಿಹ್ನೆಯ ಮೇಲೆ ಅಂಟುತ್ತಿತ್ತು. ಹೀಗೆ ಮಡಚಿ, ಉದ್ದಕ್ಕೆ ಮಡಚಿ ಅಂತ ಹೇಳಿಕೊಟ್ಟು ಗಂಟಲು ಹೋಯಿತು.

ಆದರೆ ನಿಜವಾದ ಗಲಾಟೆ ವಯಸ್ಸಿನದ್ದು. ಫೋಟೋ ಇರುವ ಗುರುತಿನ ಚೀಟಿ ಆಗ ಇರಲಿಲ್ಲ, ಅದು ಬಂದದ್ದು ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಕಾಲದಲ್ಲಿ, 1993ರ ನಂತರ. ಪಟ್ಟಿಯಲ್ಲಿ ಹೆಸರು, ವಯಸ್ಸು 18 ಅಂತ ಇರುತ್ತದೆ. ಎದುರಿಗೆ ಬಂದ ಹುಡುಗನಿಗೆ ಮೀಸೆಯೇ ಮೂಡಿಲ್ಲ. "ಇವನು ಇನ್ನೂ ಒಂಬತ್ತನೇ ಕ್ಲಾಸು ಸಾರ್" ಅಂತ ಒಂದು ಪಕ್ಷದ ಏಜೆಂಟ್. "ಫೇಲಾಗಿ ಫೇಲಾಗಿ ಒಂಬತ್ತರಲ್ಲೇ ಇದ್ದಾನೆ ಸಾರ್" ಅಂತ ಇನ್ನೊಬ್ಬ. ಪಟ್ಟಿಯಲ್ಲಿ ಹೆಸರಿದ್ದರೆ ಮತಗಟ್ಟೆಯಲ್ಲಿ ವಯಸ್ಸಿನ ವಿಚಾರಣೆ ಮಾಡುವ ಹಾಗಿಲ್ಲ. ತೀರಾ ಚಿಕ್ಕವನ ಹಾಗೆ ಕಂಡರೆ ವಯಸ್ಸಿನ ಬಗ್ಗೆ ಒಂದು ಘೋಷಣೆ ಬರೆಸಿಕೊಂಡು ವೋಟು ಕೊಡಬೇಕು. ಈಗಲೂ ಮತಗಟ್ಟೆ ಅಧಿಕಾರಿಗಳ ಕೈಪಿಡಿಯಲ್ಲಿ ಆ ಘೋಷಣೆಯ ನಮೂನೆ ಇದೆ. ಫೇಲಾದ ಹುಡುಗ ಸಹಿ ಹಾಕಿ ವೋಟು ಹಾಕಿದ. ಸಹಿ ಮಾತ್ರ ಬಹಳ ಚೆಂದ ಇತ್ತು.

ಮಲ್ಲಿಗೆ ಬಳ್ಳಿ

ಮೇಷ್ಟ್ರು ಹುಡುಗರ ಕಥೆ ಹೇಳಿದರು. ಹುಡುಗಿಯರದ್ದು ಬೇರೆ ಇತ್ತು, ಅದನ್ನು ನಾನು ಹೇಳುತ್ತೇನೆ.

ನಮ್ಮದು ಹಾವೇರಿ ಕಡೆ, ಆಗ ಧಾರವಾಡ ಜಿಲ್ಲೆ. ಹುಡುಗಿಗೆ ಮದುವೆ ವಯಸ್ಸು 18 ಅಂತ 1978ರಲ್ಲೇ ಕಾನೂನು ಆಗಿತ್ತು. ಹುಡುಗನಿಗೆ 21. ವೋಟಿಗೆ ಮಾತ್ರ ಇಬ್ಬರಿಗೂ 21. ಅಂದರೆ 1989ರ ತನಕ ಒಬ್ಬ ಹುಡುಗಿ ಸಂಸಾರ ಹೂಡಿ, ಎರಡು ಮಕ್ಕಳ ತಾಯಿಯಾದರೂ ಎಂಎಲ್‌ಎ ಯಾರಾಗಬೇಕು ಅನ್ನಲು ಚಿಕ್ಕವಳು. ಇದನ್ನು ಆಗ ಯಾರೂ ವಿಚಿತ್ರ ಅಂದುಕೊಳ್ಳಲೇ ಇಲ್ಲ.

ನನ್ನ ಹೆಸರು ಬರೆದುಕೊಳ್ಳಲು ಬಂದಾಗ ನಾನು ತವರಿನಲ್ಲಿದ್ದೆ. ಆಮೇಲೆ ಮದುವೆಯಾಗಿ ಗಂಡನ ಊರಿಗೆ ಹೋದೆ. ಪಟ್ಟಿಯಲ್ಲಿ ಹೆಸರು ತವರಿನಲ್ಲೇ ಉಳಿಯಿತು. ದೀಪಾವಳಿಗೆ ತವರಿಗೆ ಬಂದವಳು ಏನೇನೋ ನೆವ ಹೇಳಿ ವೋಟು ಮುಗಿಯುವ ತನಕ ಅಲ್ಲೇ ಉಳಿದೆ. ಅತ್ತೆಗೆ ಸಿಟ್ಟು ಬಂತು. ಅಪ್ಪನಿಗೆ ಖುಷಿ, ಮನೆಗೆ ಒಂದು ವೋಟು ಹೆಚ್ಚಾಯಿತು ಅಂತ. ಹೋಗುವಾಗ ದಾರಿಯುದ್ದಕ್ಕೂ ಯಾವ ಗುರುತು ಅಂತ ಹೇಳಿಕೊಟ್ಟರು. ನಾನು ತಲೆ ಆಡಿಸಿದೆ. ಒಳಗೆ ಹೋಗಿ ನನಗೆ ತಿಳಿದದ್ದಕ್ಕೆ ಒತ್ತಿದೆ. ಅಪ್ಪ ಈಗಿಲ್ಲ, ಆದ್ದರಿಂದ ಹೇಳಿಕೊಳ್ಳಬಹುದು.

ನನ್ನ ಜೊತೆ ಮದುವೆಯಾದ ಗೆಳತಿಯರಿಗೆ ಆ ವರ್ಷ ಎರಡೂ ಊರಲ್ಲಿ ವೋಟು ಸಿಗಲಿಲ್ಲ. ತವರಿನಲ್ಲಿ "ಮದುವೆಯಾಗಿ ಹೋದಳು" ಅಂತ ಹೊಡೆದುಹಾಕಿದ್ದರು. ಗಂಡನ ಊರಿನಲ್ಲಿ ಸೇರಿಸಿರಲಿಲ್ಲ. ಕಾನೂನಿನ ಪ್ರಕಾರ ಅವರಿಗೆ ಹಕ್ಕು ಬಂದು ಆಗಲೇ ತಿಂಗಳುಗಳಾಗಿದ್ದವು.

ರೈಲ್ವೆ ಗೇಟು

ಅನುಭವ ಎಲ್ಲ ಸರಿ. ಪರಿಣಾಮ ಏನಾಯಿತು ಅನ್ನುವುದನ್ನೂ ಕೇಳಬೇಕಲ್ಲ. ದೇಶದಲ್ಲಿ ಮತದಾರರು 1984ರಲ್ಲಿ ಸುಮಾರು 40 ಕೋಟಿ, 1989ರಲ್ಲಿ ಸುಮಾರು 50 ಕೋಟಿ. ಜನಸಂಖ್ಯೆ ಬೆಳೆದದ್ದೂ ಅದರಲ್ಲಿದೆ, ಆದರೂ 18ರಿಂದ 20ರವರ ಪಾಲು ದೊಡ್ಡದೇ. ಯುವಕರಿಗೆ ವೋಟು ಕೊಟ್ಟೆ, ಅವರು ನನ್ನ ಕೈ ಬಿಡುವುದಿಲ್ಲ ಅಂತ ರಾಜೀವ್ ಗಾಂಧಿ ಅಂದುಕೊಂಡಿರಬಹುದು. ಲೋಕಸಭೆಯಲ್ಲಿ ಅವರ ಪಕ್ಷ 197ಕ್ಕೆ ಇಳಿಯಿತು, ವಿ.ಪಿ. ಸಿಂಗ್ ಪ್ರಧಾನಿಯಾದರು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಅದೇ ಪಕ್ಷ 224ರಲ್ಲಿ 178 ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಲೋಕಸಭೆಗೂ ಇಲ್ಲಿ 28ರಲ್ಲಿ 27 ಅವರಿಗೇ.

ಉತ್ತರದಲ್ಲೂ ಹೊಸ ಹುಡುಗರೇ, ಇಲ್ಲೂ ಹೊಸ ಹುಡುಗರೇ. ಹಾಗಾದರೆ "ಯುವ ಮತ" ಅನ್ನುವುದು ಎಲ್ಲಿದೆ? ಅವರವರ ಊರಿನ ಗಾಳಿ ಎತ್ತ ಬೀಸಿತೋ ಅತ್ತ ಹೋದರು. ಮನೆಯವರಂತೆಯೇ.

ಮಲ್ಲಿಗೆ ಬಳ್ಳಿ

@ರೈಲ್ವೆ ಗೇಟು, ಬೇರೆ ಥರ ಹಾಕಿದರೆ ಮಾತ್ರ ನಮ್ಮ ವೋಟು ಲೆಕ್ಕಕ್ಕೆ ಬರುತ್ತದೆಯಾ? ಎಪ್ಪತ್ತು ವರ್ಷದವರನ್ನು "ನೀವು ಗಾಳಿ ಬಂದ ಕಡೆ ಹಾಕಿದಿರಿ" ಅಂತ ಯಾರಾದರೂ ಕೇಳಿದ್ದಾರಾ?

ರೈಲ್ವೆ ಗೇಟು

ಅಕ್ಕಾ, ಅದು ನ್ಯಾಯದ ಮಾತು. ಆದರೆ ವಯಸ್ಸು ಇಳಿಸಿದರೆ ರಾಜಕೀಯ ಬದಲಾಗುತ್ತದೆ ಅಂತ ಮಾರುವವರಿಗೆ ನಾನು ಹೇಳಿದ್ದು.

ಜನವರಿ ಹುಡುಗಿ

ನನ್ನದು ಈಚಿನ ಕಥೆ. ಕಾನೂನು 18 ಅನ್ನುತ್ತದೆ, ಪಟ್ಟಿ ಬೇರೆ ಹೇಳುತ್ತದೆ. ಅದನ್ನು ನಾನು ಮೈಮೇಲೆ ಅನುಭವಿಸಿದ್ದೇನೆ.

ನಾನು ಹುಟ್ಟಿದ್ದು 2000ನೇ ಇಸವಿ ಜನವರಿಯಲ್ಲಿ, ಸಂಕ್ರಾಂತಿಗೆ ಸ್ವಲ್ಪ ಮೊದಲು. 2018ರ ಮೇ 12ಕ್ಕೆ ವಿಧಾನಸಭೆ ಚುನಾವಣೆ. ಆಗ ನನಗೆ 18 ತುಂಬಿ ನಾಲ್ಕು ತಿಂಗಳು. ಸ್ಕೂಟರ್ ಓಡಿಸಲು ಲೈಸೆನ್ಸ್ ಇತ್ತು, ಬ್ಯಾಂಕಿನಲ್ಲಿ ನನ್ನದೇ ಸಹಿಯ ಖಾತೆ ಇತ್ತು. ವೋಟು ಇರಲಿಲ್ಲ. ಯಾಕೆಂದರೆ ಆ ವರ್ಷದ ಜನವರಿ 1ಕ್ಕೆ 18 ತುಂಬಿರಬೇಕು ಅನ್ನುವುದು ನಿಯಮ. ಡಿಸೆಂಬರ್ 31ಕ್ಕೆ ಹುಟ್ಟಿದ ನನ್ನ ಕಸಿನ್ ಮತಗಟ್ಟೆಗೆ ಹೋಗಿ ಬೆರಳಿನ ಫೋಟೋ ಹಾಕಿದ. ನಮ್ಮಿಬ್ಬರ ನಡುವೆ ವ್ಯತ್ಯಾಸ ಎರಡು ವಾರವೂ ಇಲ್ಲ. ನನ್ನ ಮೊದಲ ವೋಟು 2019ರ ಲೋಕಸಭೆಗೆ, 19 ದಾಟಿದ ಮೇಲೆ.

ಎಷ್ಟೋ ಜನ ಇದನ್ನು "ಯುವಕರ ನಿರಾಸಕ್ತಿ" ಅಂತ ಬರೆಯುತ್ತಾರೆ. ಆಸಕ್ತಿ ಇದ್ದವರನ್ನೇ ಬಾಗಿಲಲ್ಲಿ ನಿಲ್ಲಿಸಿದರೆ?

ಅಂಗನವಾಡಿ ಅಕ್ಕ

ಜನವರಿ ಹುಡುಗಿ, ನಿಮ್ಮಂಥವರ ಬೈಗುಳ ತಿಂದವಳು ನಾನು. ಅಂಗನವಾಡಿ ಕೆಲಸದ ಜೊತೆ ಬಿಎಲ್‌ಒ ಕೆಲಸವೂ, ಅಂದರೆ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸವೂ ಮಾಡುತ್ತೇನೆ.

ಆ ನಿಯಮ ಈಗ ಬದಲಾಗಿದೆ. 2021ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಈಗ ವರ್ಷಕ್ಕೆ ನಾಲ್ಕು ತಾರೀಖು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಯಾವುದಕ್ಕೆ 18 ತುಂಬುತ್ತದೋ ಅದರ ಲೆಕ್ಕದಲ್ಲಿ ಸೇರಬಹುದು. 17 ತುಂಬಿದವರು ಹೊಸದಾಗಿ ಹೆಸರು ಸೇರಿಸುವ ಫಾರ್ಮ್ 6 ಅನ್ನು ಮೊದಲೇ ಕೊಟ್ಟಿಡಬಹುದು. 18 ಆದಾಗ ಅದನ್ನು ತೆಗೆದುಕೊಳ್ಳುತ್ತಾರೆ.

ಮನೆ ಮನೆ ತಿರುಗಿ ಗೊತ್ತಾದದ್ದು ಹೇಳುತ್ತೇನೆ. ಓದಲು ಹೊರಗೆ ಹೋದ ಮಕ್ಕಳ ಮನೆಗೆ ಹೋದರೆ ತಾಯಿ ಹೇಳುತ್ತಾರೆ: "ಅವನು ಬೆಂಗಳೂರಲ್ಲಿದ್ದಾನೆ ಮೇಡಂ, ಬಂದಾಗ ಕೊಡುತ್ತೇವೆ." ಅವನು ಬರುವುದು ಹಬ್ಬಕ್ಕೆ. ಬಂದಾಗ ನೆನಪಿರುವುದಿಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಎಲ್ಲಿದೆ ಅಂದರೆ ಕಾಲೇಜಿಗೆ ಕೊಟ್ಟಿದ್ದೇವೆ ಅನ್ನುತ್ತಾರೆ. ಹುಡುಗಿಯರದ್ದು ಇನ್ನೊಂದು. "ಮುಂದಿನ ವರ್ಷ ಮದುವೆ ಮಾಡುತ್ತೇವೆ, ಅಲ್ಲೇ ಸೇರಿಸಿಕೊಳ್ಳಲಿ ಬಿಡಿ" ಅನ್ನುತ್ತಾರೆ. ಮಲ್ಲಿಗೆ ಬಳ್ಳಿ ಅಕ್ಕ ಹೇಳಿದ್ದು 1989ರದ್ದಾದರೂ ನಾನು ಈಗಲೂ ಕೇಳುವ ಮಾತು. ಮದುವೆ ಐದು ವರ್ಷ ಆಗುವುದಿಲ್ಲ, ಹೆಸರೂ ಐದು ವರ್ಷ ಇರುವುದಿಲ್ಲ.

ಕಾಲೇಜಿಗೆ ಹೋಗದೆ ಗಾರೆ ಕೆಲಸಕ್ಕೆ, ಗ್ಯಾರೇಜಿಗೆ ಹೋಗುವ ಹುಡುಗರನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಕಾಲೇಜಿನಲ್ಲಿ ಮತದಾರರ ಸಾಕ್ಷರತಾ ಕ್ಲಬ್ಬು, ಜನವರಿ 25ಕ್ಕೆ ಮತದಾರರ ದಿನ, ಪ್ರತಿಜ್ಞೆ ಎಲ್ಲ ಇರುತ್ತದೆ. ಗ್ಯಾರೇಜಿನಲ್ಲಿ ಯಾರು ಪ್ರತಿಜ್ಞೆ ಮಾಡಿಸುತ್ತಾರೆ?

ತುಂಗಾತೀರ

ಅಕ್ಕಾ, ಇದು ನನಗೆ ಹೊಸದು. 2024ರಲ್ಲಿ ದೇಶದಲ್ಲಿ 18-19ರ ಮತದಾರರು ಸುಮಾರು 1.8 ಕೋಟಿ ಪಟ್ಟಿಯಲ್ಲಿದ್ದರು. ಆ ವಯಸ್ಸಿನ ಒಟ್ಟು ಜನರ ಅಂದಾಜಿಗೆ ಹೋಲಿಸಿದರೆ ಇದು 40%ಗಿಂತ ಕಡಿಮೆ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ವೋಟಿನ ವಯಸ್ಸು ಇನ್ನೂ 20, 21ರಲ್ಲೇ ನಿಂತಿದೆ.

ಪಿಜಿ ರೂಮ್ ನಂಬರ್ 12

ಪಟ್ಟಿಯಲ್ಲಿ ಹೆಸರಿದ್ದೂ ಒದ್ದಾಡಿದವನು ನಾನು. ಯಾದಗಿರಿ ಜಿಲ್ಲೆ. ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಸಣ್ಣ ಕೆಲಸ.

2024ರಲ್ಲಿ ಬೆಂಗಳೂರಿಗೆ ಏಪ್ರಿಲ್ 26, ನಮ್ಮ ಕಡೆಗೆ ಮೇ 7. ಬೆಂಗಳೂರಿನಲ್ಲಿ ವೋಟಿನ ದಿನ ಕಂಪನಿಗೆ ರಜೆ, ನನಗೆ ಇಲ್ಲಿ ವೋಟಿಲ್ಲ. ಮೇ 7ಕ್ಕೆ ನನ್ನ ಊರಿನಲ್ಲಿ ವೋಟು, ಬೆಂಗಳೂರಿನ ಆಫೀಸಿಗೆ ಅದು ಸುಮ್ನೆ ಒಂದು ಮಂಗಳವಾರ. ಸೂಪರ್‌ವೈಸರ್ "ಲೀವ್ ಹಾಕಿ ಹೋಗು, ಸಂಬಳ ಕಟ್" ಅಂದರು. ಅಲ್ಲಿ ಮತದಾರ ಆಗಿದ್ದರೆ ಸಂಬಳದ ರಜೆ ಕೊಡಬೇಕು ಅನ್ನುವ ಕಾನೂನು ಇದೆ ಅಂತ ಆಮೇಲೆ ಯಾರೋ ಹೇಳಿದರು. ಹೇಳಿದವರು ಆಫೀಸಿನವರಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದವರು.

ಸ್ಲೀಪರ್ ಬಸ್ಸಿನ ದರ ಎರಡು ಪಟ್ಟು. ಕೊನೆಗೆ ಸರ್ಕಾರಿ ಬಸ್ಸಿನಲ್ಲಿ ಕೂತುಕೊಂಡೇ ಹೋದೆ. ಮೇ ತಿಂಗಳ ಯಾದಗಿರಿ ಬಿಸಿಲು ಕಂಡವರಿಗೆ ಹೇಳಬೇಕಿಲ್ಲ. ಹತ್ತು ಗಂಟೆಯ ಮೇಲೆ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಅವ್ವ ಬೆಳಿಗ್ಗೆ ಏಳಕ್ಕೇ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದಳು. ಓಣಿಯ ಹುಡುಗರು ಅರ್ಧಕ್ಕರ್ಧ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ. ಸಾಲಿನಲ್ಲಿ ಮುದುಕರು, ಹೆಂಗಸರು, ನಾನು. ಟಿವಿಯಲ್ಲಿ ಸಂಜೆ "ಯುವಕರು ಬರಲಿಲ್ಲ" ಅಂದರು.

ಹೌದು, ಬರಲಿಲ್ಲ. ಬರಲು ಎರಡು ದಿನದ ಕೂಲಿ ಮತ್ತು ಬಸ್ ಚಾರ್ಜು ಬೇಕು.

ಹಳೇ ಸೈಕಲ್

ಇದು ನಮ್ಮ ಕಾಲಕ್ಕೆ ಇರಲಿಲ್ಲ. 18ಕ್ಕೆ ನಾವು ಊರಲ್ಲೇ ಇರುತ್ತಿದ್ದೆವು. ವೋಟಿನ ವಯಸ್ಸು ಕೆಳಗೆ ಬಂದ ಮೇಲೆ ಹುಡುಗರು ಊರು ಬಿಡುವ ವಯಸ್ಸೂ ಕೆಳಗೆ ಬಂತು ನೋಡಿ.

ಎಡಿನ್‌ಬರ ಸೊಸೆ

ಮೈಸೂರಿನವಳು, ಸ್ಕಾಟ್ಲೆಂಡಿಗೆ ಬಂದು ಬಹಳ ವರ್ಷವಾಯಿತು. 16ರ ವೋಟು ನಮ್ಮ ಮನೆಯಲ್ಲೇ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

2014ರ ಸೆಪ್ಟೆಂಬರ್ 18. ಸ್ಕಾಟ್ಲೆಂಡ್ ಬೇರೆ ದೇಶ ಆಗಬೇಕೇ ಬೇಡವೇ ಅಂತ ಜನಮತ. ಆ ಒಂದು ವೋಟಿಗೆ 16ರವರಿಗೂ ಅವಕಾಶ ಕೊಟ್ಟರು. ಇಲ್ಲಿ ವಾಸಿಸುವ ಕಾಮನ್‌ವೆಲ್ತ್ ದೇಶದವರಿಗೂ ವೋಟು ಇತ್ತು. ಆಗ ನಮ್ಮೆಲ್ಲರದ್ದೂ ಭಾರತದ ಪಾಸ್‌ಪೋರ್ಟ್. ಮಗನಿಗೆ 16. ಅಂದರೆ ಭಾರತದಲ್ಲಿ ಇನ್ನೂ ಎರಡು ವರ್ಷ ಕಾಯಬೇಕಾದ ಹುಡುಗ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇನ್ನೊಂದು ದೇಶ ಒಡೆಯಬೇಕೋ ಬೇಡವೋ ಅಂತ ವೋಟು ಹಾಕಿದ. ಊರಿಗೆ ಫೋನ್ ಮಾಡಿ ಹೇಳಿದರೆ ನಮ್ಮ ಮಾವನವರು ನಂಬಲೇ ಇಲ್ಲ.

ಶಾಲೆಗಳಲ್ಲಿ ತಿಂಗಳುಗಟ್ಟಲೆ ಚರ್ಚೆ. ಗ್ಲಾಸ್ಗೋದ ಹೈಡ್ರೋ ಎಂಬ ದೊಡ್ಡ ಸಭಾಂಗಣದಲ್ಲಿ ಸಾವಿರಾರು ಶಾಲಾ ಮಕ್ಕಳನ್ನು ಕೂರಿಸಿ, ಎರಡೂ ಕಡೆಯ ನಾಯಕರನ್ನು ಕರೆಸಿ ಟಿವಿಯವರು ಚರ್ಚೆ ಮಾಡಿಸಿದರು. ಮನೆಗೆ ಬಂದು ಮಗ ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪೌಂಡ್ ಏನಾಗುತ್ತದೆ, ಪಿಂಚಣಿ ಏನಾಗುತ್ತದೆ, ನಮ್ಮ ವೀಸಾ ಏನಾಗುತ್ತದೆ. ಊಟದ ಟೇಬಲ್ಲಿನಲ್ಲಿ ಅವರಪ್ಪ ಒಂದು ಕಡೆ, ಅವನು ಒಂದು ಕಡೆ. ನಾನು ಯಾವ ಕಡೆ ಅಂತ ಇಬ್ಬರಿಗೂ ಹೇಳಲಿಲ್ಲ, ಸಾರು ಬಡಿಸಿದೆ.

ಒಟ್ಟು 84.6% ಜನ ವೋಟು ಹಾಕಿದರು. ಬೇಡ ಅಂದವರು 55%. 16-17ರವರು 1 ಲಕ್ಷಕ್ಕೂ ಹೆಚ್ಚು ಜನ ಹೆಸರು ಸೇರಿಸಿದ್ದರು. ಆಮೇಲೆ ಇಲ್ಲಿನ ಚುನಾವಣಾ ಆಯೋಗ ನಡೆಸಿದ ಸಮೀಕ್ಷೆಯಲ್ಲಿ ಅವರಲ್ಲಿ 75% ಜನ ವೋಟು ಹಾಕಿದೆವು ಅಂದರು. 18ರಿಂದ 24ರವರಲ್ಲಿ ಅದು 54% ಮಾತ್ರ. ಪಿಜಿ ರೂಮ್ ಹುಡುಗ ಬರೆದದ್ದು ಓದಿದ ಮೇಲೆ ಇದಕ್ಕೆ ಕಾರಣ ಹೊಳೆಯಿತು. 16ಕ್ಕೆ ಮಕ್ಕಳು ಮನೆಯಲ್ಲೇ ಇರುತ್ತಾರೆ. ಶಾಲೆ ಅಲ್ಲೇ, ಮತಗಟ್ಟೆ ಅಲ್ಲೇ, ಎಬ್ಬಿಸಿ ಕಳಿಸಲು ಅಮ್ಮ ಅಲ್ಲೇ.

ಮಗಳ ಕಥೆ ಇನ್ನೂ ವಿಚಿತ್ರ. 2015ರಲ್ಲಿ ಸ್ಕಾಟ್ಲೆಂಡ್ ತನ್ನ ಪಾರ್ಲಿಮೆಂಟಿಗೂ ಸ್ಥಳೀಯ ಚುನಾವಣೆಗೂ 16 ಅಂತ ಕಾಯಂ ಮಾಡಿತು. 2016ರ ಮೇ 5ಕ್ಕೆ ಅವಳು ಸ್ಕಾಟಿಷ್ ಪಾರ್ಲಿಮೆಂಟಿಗೆ ವೋಟು ಹಾಕಿದಳು. ಜೂನ್ 23ಕ್ಕೆ ಬ್ರೆಕ್ಸಿಟ್ ವೋಟು, ಬ್ರಿಟನ್ ಯುರೋಪಿನ ಒಕ್ಕೂಟ ಬಿಡಬೇಕೇ ಬೇಡವೇ ಅಂತ. ಅದು ಇಡೀ ಬ್ರಿಟನ್‌ನದ್ದು, 18 ಆಗಿರಬೇಕು. ಅವಳು ಮನೆಯಲ್ಲಿ ಕೂತಳು. ಸೈಕಲ್ ಅವರು ಹೇಳಿದ ಮಂಡಲಕ್ಕೆ ದೊಡ್ಡವನು, ವಿಧಾನಸಭೆಗೆ ಚಿಕ್ಕವನು ಅನ್ನುವುದು ಇಲ್ಲೂ ಹಾಗೆಯೇ ನಡೆಯಿತು. ಆ ರಾತ್ರಿ ಅವಳು ಅತ್ತದ್ದು ಸೋಲಿಗಿಂತ ಜಾಸ್ತಿ ತನ್ನನ್ನು ಕೇಳಲಿಲ್ಲ ಅಂತ.

ಒಂದೇ ಬೇಸರ. ಇಲ್ಲಿ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಬರುವುದು, ಬೆರಳಿಗೆ ಶಾಯಿ ಇಲ್ಲ. ನಮ್ಮ ಮೈಸೂರು ಪೇಂಟ್ಸ್ ಕಾರ್ಖಾನೆಯ ಶಾಯಿ ಎಷ್ಟೋ ದೇಶಗಳಿಗೆ ಹೋಗುತ್ತದೆ, ಇಲ್ಲಿಗೆ ಬರಲಿಲ್ಲ. ಮೊದಲ ವೋಟಿಗೆ ಫೋಟೋ ತೆಗೆಯಲು ಬೆರಳಲ್ಲಿ ಏನೂ ಇರಲಿಲ್ಲ.

ಸಂತೆ ಮಾತು

ಮೇಡಂ, ಸ್ಕಾಟ್ಲೆಂಡ್ ಬೇರೆ, ಇಲ್ಲಿ ಬೇರೆ. ನಮ್ಮಲ್ಲಿ 16 ಅಂದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಗೆ ಕಾಲಿಟ್ಟವನು. ಅವನಿಗೆ ಯಾವ ಕಾಂಬಿನೇಷನ್ ತಗೊಳ್ಳಬೇಕು ಅಂತಲೂ ಅಪ್ಪನೇ ಹೇಳುತ್ತಾನೆ. ರೀಲ್ಸ್ ನೋಡಿ ವೋಟು ಹಾಕುತ್ತಾರೆ. ಒಂದು ಬಿರಿಯಾನಿ, ಒಂದು ಬೈಕ್ ರ್‍ಯಾಲಿಗೆ ಪೆಟ್ರೋಲ್ ಕೊಟ್ಟರೆ ಆಯಿತು.

ಜನವರಿ ಹುಡುಗಿ

ಬಿರಿಯಾನಿ ತಿನ್ನುವುದರಲ್ಲಿ ನಲವತ್ತರವರು ಹಿಂದೆ ಬಿದ್ದಿದ್ದಾರಾ ಸರ್?

ಸಂತೆ ಮಾತು

ಇಲ್ಲ. ಅದಕ್ಕೇ ಹೇಳುವುದು, ತಿನ್ನುವವರು ಇನ್ನೂ ಜಾಸ್ತಿ ಯಾಕೆ ಅಂತ.

ಲೆಕ್ಕದ ಮೇಷ್ಟ್ರು

ಆಸ್ಟ್ರಿಯಾ 2007ರಲ್ಲೇ 16 ಮಾಡಿತು, ರಾಷ್ಟ್ರೀಯ ಚುನಾವಣೆಗೂ. ಅಲ್ಲಿನ ಅಧ್ಯಯನಗಳಲ್ಲೂ 16-17ರವರು 18-20ರವರಿಗಿಂತ ಹೆಚ್ಚು ಬರುತ್ತಾರೆ ಎಂದು ಕಂಡಿದೆ. ಎಡಿನ್‌ಬರದವರು ಹೇಳಿದ ಕಾರಣವೇ ಇರಬೇಕು.

ಆದರೆ ಸಂತೆ ಮಾತು ಅವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ವೋಟು ಹಾಕುವ ಅಭ್ಯಾಸಕ್ಕೆ ನಮ್ಮ ಮಕ್ಕಳಿಗೆ ಜಾಗವೇ ಇಲ್ಲ. 18ಕ್ಕೆ ವೋಟು ಬಂದ ಹೊತ್ತಿಗೇ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಯಿತು. ಗಲಾಟೆ, ಹೊಡೆದಾಟ ಇತ್ತು, ಸುಳ್ಳಲ್ಲ. ಆದರೂ ನೋಡಿ, ಪ್ರಧಾನಿಯನ್ನು ಆರಿಸು, ನಿನ್ನ ಕಾಲೇಜಿನ ಕಾರ್ಯದರ್ಶಿಯನ್ನು ಆರಿಸಬೇಡ ಅಂದ ಹಾಗಾಯಿತು. ಈಗ ಮತ್ತೆ ಶುರು ಮಾಡುವ ಮಾತು ನಡೆದಿದೆ. ನಾನಂತೂ 16ರ ಚರ್ಚೆಗಿಂತ ಅದನ್ನು ಮೊದಲು ಮಾಡಿ ಅನ್ನುತ್ತೇನೆ.

ಚಳಿಯೂರು

ಜರ್ಮನಿಯಿಂದ ಒಂದು ಸಾಲು. 2024ರ ಜೂನ್‌ನಲ್ಲಿ ಯುರೋಪಿನ ಪಾರ್ಲಿಮೆಂಟಿಗೆ ಇಲ್ಲಿ ಮೊದಲ ಸಲ 16ರವರು ವೋಟು ಹಾಕಿದರು. ಹುಡುಗರೆಲ್ಲ ಪರಿಸರದ ಮಾತಾಡುವ ಗ್ರೀನ್ಸ್ ಪಕ್ಷಕ್ಕೆ ಹಾಕುತ್ತಾರೆ ಅಂತ ಹಿರಿಯರು ಲೆಕ್ಕ ಹಾಕಿದ್ದರು. 24ರ ಒಳಗಿನವರಲ್ಲಿ ಆ ಪಕ್ಷ ಹಿಂದಿನ ಸಲಕ್ಕಿಂತ ಭಾರಿ ಕುಸಿಯಿತು, ಬಲಪಂಥದ ಎಎಫ್‌ಡಿ ಏರಿತು. ಇಳಿಸಿ ಅಂದವರೂ ಬೇಡ ಅಂದವರೂ ಮರುದಿನ ಸುಮ್ಮನಾಗಿದ್ದರು. ರೈಲ್ವೆ ಗೇಟು ಅವರ ವಾದಕ್ಕೆ ಇದನ್ನು ಸೇರಿಸಿಕೊಳ್ಳಬಹುದು.

ರೈಲ್ವೆ ಗೇಟು

ಸೇರಿಸಿಕೊಂಡೆ. ಆದರೆ ಇಷ್ಟು ಓದಿದ ಮೇಲೆ ನನ್ನ ಪ್ರಶ್ನೆ ಬೇರೆ ಕಡೆ ತಿರುಗಿದೆ. ವೋಟಿಗೆ 18, ಪಂಚಾಯಿತಿಗೆ ನಿಲ್ಲಲು 21, ಎಂಎಲ್‌ಎ, ಎಂಪಿಗೆ 25. ವೋಟಿನ ವಯಸ್ಸು 1989ರಲ್ಲಿ ಇಳಿಯಿತು, ನಿಲ್ಲುವ ವಯಸ್ಸು ಅಲ್ಲೇ ಇದೆ. ಅದನ್ನೂ ಇಳಿಸಿ ಅಂತ 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಒಂದು ಸ್ಥಾಯಿ ಸಮಿತಿ ಹೇಳಿತ್ತು. ಅದರ ಬಗ್ಗೆ ಯಾವ ಹಾಸ್ಟೆಲ್ಲಿನಲ್ಲೂ ಜಗಳ ಆದ ಹಾಗಿಲ್ಲ.

ಹಳೇ ಸೈಕಲ್

ಆಗಬೇಕು. ಮಂಡಲದ ಕಾಲದಲ್ಲಿ ವೋಟು ಹಾಕಿದ ನಮ್ಮಲ್ಲೇ ಇಬ್ಬರು ಮುಂದೆ ಪಂಚಾಯಿತಿ ಸದಸ್ಯರಾದರು. 18ಕ್ಕೆ ಬೆಂಚಿನ ಮೇಲೆ ಕೂರಿಸಿ ಮಾತಾಡಿಸಿದ್ದೇ ಅವರಿಗೆ ರುಚಿ ಹತ್ತಿಸಿತು. ಒಬ್ಬ ಒಳ್ಳೆ ಕೆಲಸ ಮಾಡಿದ. ಇನ್ನೊಬ್ಬನ ವಿಷಯ ಬೇಡ ಬಿಡಿ.

ಪಿಜಿ ರೂಮ್ ನಂಬರ್ 12

ಅಂಗನವಾಡಿ ಅಕ್ಕನಿಗೆ ಒಂದು ಪ್ರಶ್ನೆ. ನಾನು ಹೆಸರನ್ನು ಬೆಂಗಳೂರಿಗೆ ಹಾಕಿಸಿಕೊಳ್ಳಬಹುದಾ? ಊರಿನ ಪಂಚಾಯಿತಿ ಚುನಾವಣೆ ತಪ್ಪಿಹೋಗುತ್ತದೆ ಅಂತ ಅವ್ವ ಬೇಡ ಅನ್ನುತ್ತಾಳೆ. ಅಲ್ಲಿ ಒಂದೊಂದು ವೋಟಿಗೂ ಬೆಲೆ ಇದೆಯಂತೆ. ಇಲ್ಲಿ ನನ್ನ ವಾರ್ಡಿನ ಹೆಸರೂ ನನಗೆ ಗೊತ್ತಿಲ್ಲ.

ಅಂಗನವಾಡಿ ಅಕ್ಕ

ಹಾಕಿಸಬಹುದು ತಮ್ಮಾ. ಆಗಲೇ ಪಟ್ಟಿಯಲ್ಲಿ ಇರುವವರು ಫಾರ್ಮ್ 8 ಕೊಡಬೇಕು, ಫಾರ್ಮ್ 6 ಅಲ್ಲ. ಈಗಿನ ವಾಸದ ವಿಳಾಸಕ್ಕೆ ದಾಖಲೆ ಬೇಕು. ಪಿಜಿ ಮಾಲೀಕರು ಕೊಡಲು ಹಿಂದೆ ಮುಂದೆ ನೋಡುತ್ತಾರೆ, ಅದು ನಿಜ. ಎರಡು ಕಡೆ ಹೆಸರು ಇಟ್ಟುಕೊಳ್ಳಬೇಡಿ, ಅದು ಅಪರಾಧ. ಎಲ್ಲಿ ಇರಬೇಕು ಅನ್ನುವುದನ್ನು ನೀವೂ ಅವ್ವನೂ ಕೂತು ತೀರ್ಮಾನಿಸಿ.

ತುಂಗಾತೀರ

ಅಕ್ಕಾ, ನನ್ನದೂ ಒಂದು. ರೂಮ್‌ಮೇಟ್‌ಗೆ ನವೆಂಬರ್‌ನಲ್ಲಿ 18 ತುಂಬುತ್ತದೆ, ಇನ್ನೂ ಎಲ್ಲೂ ಹೆಸರಿಲ್ಲ. ಹಾಸ್ಟೆಲ್ ವಿಳಾಸಕ್ಕೆ ಸೇರಿಸಬಹುದಾ, ಊರಿಗೇ ಹೋಗಬೇಕಾ?

ಅಂಗನವಾಡಿ ಅಕ್ಕ

ಎರಡರಲ್ಲಿ ಯಾವುದಾದರೂ ಒಂದು ಆರಿಸಿಕೊಳ್ಳಬಹುದು. ಹಾಸ್ಟೆಲ್ ಆದರೆ ಕೋರ್ಸ್ ಒಂದು ವರ್ಷಕ್ಕಿಂತ ಕಡಿಮೆ ಇರಬಾರದು, ಪ್ರಿನ್ಸಿಪಾಲರಿಂದ ವಿದ್ಯಾರ್ಥಿ ಅಂತ ಪ್ರಮಾಣಪತ್ರ ಬೇಕು. ಜೊತೆಗೆ ವಯಸ್ಸಿಗೆ ಮಾರ್ಕ್ಸ್ ಕಾರ್ಡು, ಒಂದು ಫೋಟೋ. ಫಾರ್ಮ್ 6, ಚುನಾವಣಾ ಆಯೋಗದ ಆ್ಯಪ್‌ನಲ್ಲೂ ಆಗುತ್ತದೆ. ನವೆಂಬರ್ ಅಂದರೆ ಜನವರಿ 1ರ ಲೆಕ್ಕಕ್ಕೆ ಬರುತ್ತಾನೆ, ಈಗಲೇ ಕೊಟ್ಟಿಡಲಿ. ಪ್ರಿನ್ಸಿಪಾಲರ ಸಹಿ ಪರೀಕ್ಷೆ ಶುರುವಾಗುವ ಮೊದಲೇ ಹಾಕಿಸಿಕೊಳ್ಳಿ, ಆಮೇಲೆ ಅವರು ಕೈಗೆ ಸಿಗುವುದಿಲ್ಲ.